ಹೊರಗಿನವರ ಸಾಕ್ಷಿ

ಸಂಡೂರಿನ ಆ ಪುಟ್ಟ ಕ್ರೈಸ್ತ ಸಭೆಯಲ್ಲಿ ಒಬ್ಬರನ್ನು ಹಿರಿಯರಾಗಿ ಆರಿಸುವ ಮೊದಲು ಸಭೆಗೆ ಸೇರದ ಜನರನ್ನು ಕೇಳುವ ರೂಢಿಯಿದೆ. ಒಳಗಿನವರು ಕಂಡಿರುವುದು ಭಾನುವಾರದ ಮನುಷ್ಯನನ್ನು ಮಾತ್ರ ಎನ್ನುತ್ತಾರೆ ಪಾಸ್ಟರ್ ಸಮುವೇಲಪ್ಪ.

ಈ ಸಲ ಕೇಳಬೇಕಿದ್ದುದು ಪಾಲಯ್ಯನವರ ಬಗ್ಗೆ. ದೋಣಿಮಲೈಗೆ ಗಣಿ ಕೆಲಸಗಾರರನ್ನು ಒಯ್ಯುವ ಬಸ್ಸಿನ ಚಾಲಕ. ಕುಡಿತವಿಲ್ಲ. ಮನೆಗೆ ಬಂದವರನ್ನು ಉಣಿಸದೆ ಕಳಿಸುವುದಿಲ್ಲ. ಪ್ರಾರ್ಥನಾ ಮಂದಿರದ ನೆಲ ಗುಡಿಸುವುದೂ ಅವರೇ. ಹಿರಿಯರಾಗುವ ಆಸೆಯನ್ನು ಅವರು ಮುಚ್ಚಿಟ್ಟಿರಲಿಲ್ಲ. ಅಡ್ಡ ನಿಂತವನು ಹಳೆಯ ಹಿರಿಯರ ಅಳಿಯ ಲಿಂಗರಾಜ್. ಬಸ್ಸಿಗೆ ತಡವಾಗಿ ಬಂದ ಅವನನ್ನು ಪಾಲಯ್ಯ ಒಮ್ಮೆ ಬಿಟ್ಟು ಹೋಗಿದ್ದರು. ಅವನು ಪಾಸ್ಟರ್ ಬಳಿ ದೂರಿದ:

"ಕೈ ಬೀಸ್ಕೋತ ಓಡಿ ಬಂದೆ, ಅಯ್ನೋರೆ. ಕನ್ನಡಿಯಾಗ ನೋಡಿನೂ ಬಿಟ್ಟು ಹೋದ್ರು. ಇಂಥವ್ರು ಸಭೆ ಅನ್ನೋ ಕುರಿಮಂದೆ ಕಾಯ್ತಾರೇನ್ರಿ?"

ಮರುದಿನ ಮುಂಜಾನೆ ಪಾಸ್ಟರ್ ಅದೇ ಬಸ್ ಹತ್ತಿದರು. ಬಂದ ಕಾರಣ ಕೇಳಿ ಕ್ಯಾಂಟೀನ್ ಕೆಲಸದ ಜಂಬಕ್ಕ ಜೋರಾಗಿ ನಕ್ಕರು.

"ಪಾಲಯ್ಯನಾ? ಭಾಳ ಮೊಂಡ ಅದಾನ್ರಿ. ಹೆಂಡ್ತಿ ತಮ್ಮನನ್ನೂ ಬಿಟ್ಟು ಹೋಗ್ಯಾನ. ಒಬ್ಬರಿಗೆ ನಿಂತ್ರ ಮುಂದಿನ ಸ್ಟಾಪಿನವ್ರ ಹಾಜರಿ ಹೋಗತೈತಿ ಅಂತಾನ."

"ಹಂಗಾದ್ರ ಯಾರಿಗೂ ನಿಲ್ಸೂದಿಲ್ಲೇನು?"

"ಒಮ್ಮೆ ನನಗ ನಿಲ್ಸಿದ್ದ. ಮೊಮ್ಮಗಳಿಗೆ ಜ್ವರ, ತಡ ಆಗಿತ್ತು. ಮೊದ್ಲು ಬಸ್ಸಿನಾಗಿದ್ದ ಎಲ್ರನ್ನೂ ಕೇಳಿದನಂತ, ನಿಲ್ಲಿಸ್ಲೇನ್ರಿ ಅಂತ. ಆಮ್ಯಾಲ ಗೇಟಿನಾಗ ಸೂಪರ್‌ವೈಸರ್ ಬೈದ್ರ, ತಪ್ಪು ನಂದು ಅಂದ. ನನ್ನ ಹೆಸರು ಎತ್ತಲಿಲ್ಲ."

ಹಿಂದಿನ ಸೀಟಿನಿಂದ ಗಣಿ ಕೆಲಸಗಾರ ಮೂಕಣ್ಣ ಕೂಗಿದ: "ನಿಮಗ ಬ್ಯಾಡಾದ್ರ ಬಿಡ್ರಿ, ನಮ್ಮ ಗುಡಿ ಕಮಿಟಿಗೆ ಹಾಕ್ಕೋತೀವಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಪಾಲಯ್ಯನವರ ಕಿವಿ ಕೆಂಪಾಗಿತ್ತು. ಕಣ್ಣು ಮಾತ್ರ ಘಟ್ಟದ ತಿರುವಿನ ಮೇಲಿತ್ತು.

ಭಾನುವಾರ ಪಾಸ್ಟರ್ ಕೇಳಿದ್ದೆಲ್ಲವನ್ನೂ ಸಭೆಗೆ ಹೇಳಿದರು, ‘ಮೊಂಡ’ ಎಂಬ ಮಾತನ್ನೂ ಬಿಡದೆ. ಒಪ್ಪಿಗೆಯ ಕೈಗಳಲ್ಲಿ ಕೊನೆಗೆ ಎದ್ದದ್ದು ಲಿಂಗರಾಜನದು. ಎದ್ದದ್ದಂತೂ ನಿಜ.

ಹಿರಿಯರಾದ ಮೇಲಿನ ಮೊದಲ ಭಾನುವಾರ ಪಾಲಯ್ಯನವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮುಂದೆ ನಿಂತಿದ್ದರು. ಆರಾಧನೆಯ ಹೊತ್ತಾಗಿತ್ತು. ರೋಗಿಯೊಬ್ಬರನ್ನು ನೋಡಲು ಹೋದ ಪಾಸ್ಟರ್ ಇನ್ನೂ ಬಂದಿರಲಿಲ್ಲ. ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು. ಪಾಲಯ್ಯ ಗಂಟಲು ಸರಿಪಡಿಸಿಕೊಂಡು ಮೊದಲ ಕೀರ್ತನೆ ಎತ್ತಿಕೊಂಡರು.

ಎರಡನೆಯ ಚರಣಕ್ಕೆ ಸಮುವೇಲಪ್ಪನವರು ಸದ್ದಿಲ್ಲದೆ ಒಳಬಂದರು. ಕೊನೆಯ ಬೆಂಚಿನಲ್ಲಿದ್ದ ಲಿಂಗರಾಜ್ ಸರಿದು ಜಾಗ ಕೊಟ್ಟ.

"ಕುಂದ್ರಿ, ಅಯ್ನೋರೆ," ಎಂದ ಮೆಲ್ಲಗೆ. "ನಿಮ್ಮನ್ನೂ ಬಿಟ್ಟ ಹೊಂಟಾರ."