ನನ್ನ ಟ್ರಂಕಿನಲ್ಲಿದ್ದ ಅವನ ಗುಳಿಗೆ

ಗಂಡಾಗಿ ಹುಟ್ಟಿ, ಹೆಣ್ಣಾಗಿ ಬದುಕಲು ಮನೆ ಬಿಟ್ಟು ಬಂದವಳು ನಾನು. ಬೈಲಹೊಂಗಲದಲ್ಲಿ ಜಂಪರು ಹೊಲಿಯುವ ಅಂಗಡಿ ಇಟ್ಟಿದ್ದೇನೆ. ಜೊತೆಗೆ ಒಂದು ಸಂಸ್ಥೆಯ ಪರವಾಗಿ ನಮ್ಮಂಥವರಿಗೂ, ಗಂಡಸರನ್ನು ಕೂಡುವ ಗಂಡಸರಿಗೂ ಕಾಂಡೋಮ್ ಹಂಚಿ, ರಕ್ತ ತಪಾಸಣೆಗೆ ಕರೆದೊಯ್ಯುತ್ತೇನೆ.

ಅವನನ್ನೂ ನಾನೇ ಕರೆದೊಯ್ದದ್ದು. ಪಕ್ಕದ ಹಳ್ಳಿಯವ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಎಚ್‌ಐವಿ ಇದೆಯೆಂದು ತಿಳಿದ ದಿನ ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತು ಹೇಳಿದ: "ಗುಳಿಗಿ ಮನ್ಯಾಗ ಇಡಾಕ ಆಗೂದಿಲ್ಲ ಅಕ್ಕಾ. ಅವ್ವ ಎಲ್ಲಾ ತಗದ ನೋಡತಾಳ."

ಡಬ್ಬಿ ನನ್ನ ಟ್ರಂಕಿಗೆ ಬಂತು. ದಿನಾ ಸಂಜೆ ಬಂದು, ನಿಂತಲ್ಲೇ ನುಂಗಿ ಹೋಗುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ಆಮೇಲೆ ಸಿರಸಂಗಿ ಕಡೆಯ ಹುಡುಗಿಯೊಂದಿಗೆ ಮದುವೆ ಗೊತ್ತಾಯಿತು.

"ಆಕೀಗಿ ಹೇಳು," ಎಂದೆ.

"ಹೇಳಿದ್ರ ಲಗ್ನ ಮುರೀತೈತಿ. ಯಾಕ ಮುರೀತಂತ ಕೇಳತಾರ. ಆಮ್ಯಾಲ ಎಲ್ಲಾನೂ ಹೊರಗ ಬರತೈತಿ."

ಒಬ್ಬರ ಗುಟ್ಟು ಹೊರಬಿದ್ದರೆ ಮತ್ತೆ ಯಾರೂ ತಪಾಸಣೆಗೆ ಬರುವುದಿಲ್ಲ. ನಮ್ಮ ಕೆಲಸದ ಮೊದಲ ನಿಯಮವೇ ಅದು. ಆಸ್ಪತ್ರೆಯ ಸಲಹೆಗಾರ ಮೇಡಂ ಅವನನ್ನು ಕೂರಿಸಿಕೊಂಡು, ಗುಳಿಗೆ ಬಿಡದೆ ವೈರಸ್ಸನ್ನು ಕಾಣದಷ್ಟು ಇಳಿಸಿಕೊಂಡರೆ ಹೆಂಡತಿಗೆ ತಾಗುವುದಿಲ್ಲ, ಆದರೂ ಹೇಳಿಬಿಡು ಎಂದರು. ಅವನು ಮೊದಲ ಮಾತನ್ನಷ್ಟೇ ಕೇಳಿಸಿಕೊಂಡ. ನಾನೂ ಅದನ್ನೇ ನೆಚ್ಚಿಕೊಂಡು ಸುಮ್ಮನಾದೆ.

ಮದುವೆಯ ನಂತರ ದಿನ ಬಿಟ್ಟು ದಿನ ಬಂದ, ಆಮೇಲೆ ವಾರಕ್ಕೊಮ್ಮೆ. ಅಂಥವಳ ಅಂಗಡಿಯಲ್ಲಿ ಇವನಿಗೇನು ಕೆಲಸ ಎಂದು ಮನೆಯಲ್ಲಿ ಮಾತೆದ್ದಿತ್ತಂತೆ. ಫೋನ್ ಎತ್ತುವುದನ್ನೂ ಬಿಟ್ಟ. ಒಮ್ಮೆ, ಹೆಂಡತಿಯ ತವರಿಗೆ ಹೊರಟಿದ್ದಾನೆಂದು ತಿಳಿದು, ಯರಗಟ್ಟಿ ಬಸ್ ನಿಲ್ದಾಣದಲ್ಲಿ ಡಬ್ಬಿ ಹಿಡಿದು ಕಾದೆ. ಹೆಂಡತಿ ಜೊತೆಗಿದ್ದಳು, ಗುರುತಿಲ್ಲದವನಂತೆ ದಾಟಿ ಹೋದ.

ಅವಳು ಬಸುರಿಯಾದಾಗ ಮಾಡಿದ ತಪಾಸಣೆಯಲ್ಲಿ ಅವಳಿಗೂ ತಾಗಿರುವುದು ಗೊತ್ತಾಯಿತು. ಅಷ್ಟರಲ್ಲಿ ಅವನಿಗೆ ಕ್ಷಯ ಹಿಡಿದಿತ್ತು. ಹೆಚ್ಚು ದಿನ ಉಳಿಯಲಿಲ್ಲ. ಮಣ್ಣಿಗೆ ನನ್ನನ್ನು ಯಾರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಸಾಯುವ ಮುಂಚೆ ಅವನೇ ಹೆಂಡತಿಗೆ ನನ್ನ ಅಂಗಡಿಯ ಗುರುತು ಹೇಳಿದ್ದನಂತೆ. ಒಂದು ಮಧ್ಯಾಹ್ನ ತುಂಬು ಬಸುರಿ ಬಂದಳು. ಕುರ್ಚಿ ಕೊಟ್ಟರೆ ಕೂರಲಿಲ್ಲ.

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಲಗ್ನಕ್ಕಿಂತ ಮೊದಲ?"

"ಮೊದಲ."

ಅವಳು ಅಳಲಿಲ್ಲ, ಬಯ್ಯಲಿಲ್ಲ. "ನನ್ನ ಲಗ್ನದ ಜಂಪರ ಹೊಲದಾಕಿನೂ ನೀವ ಅಂತಲ್ರಿ," ಎಂದು ಇಳಿದು ಹೋದಳು.

ಅವಳು ತಪ್ಪದೆ ಗುಳಿಗೆ ನುಂಗಿದಳು, ಮಗು ಸೋಂಕಿನಿಂದ ಪಾರಾಯಿತು. ಆಸ್ಪತ್ರೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾಳೆ.

ನಾನು ಕೆಲಸ ಬಿಟ್ಟಿಲ್ಲ. ಸವದತ್ತಿ, ರಾಮದುರ್ಗದಿಂದ ಬರುವ ಯಾರ ಗುಟ್ಟನ್ನೂ ಈಗಲೂ ಹೊರಹಾಕುವುದಿಲ್ಲ. ಆದರೆ ಲಗ್ನದ ಮಾತೆತ್ತಿದವರಿಗೆ ಇವಳ ಕತೆಯನ್ನು, ಹೆಸರು ಹೇಳದೆ, ಹೇಳುತ್ತೇನೆ. ಕೆಲವರು ನಡುವೆಯೇ ಎದ್ದು ಹೋಗುತ್ತಾರೆ. ಇಲ್ಲಿಯವರೆಗೆ ಒಬ್ಬನಷ್ಟೇ ಹುಡುಗಿಯ ಮನೆಗೆ ಹೋಗಿ ಹೇಳಿ ಬಂದಿದ್ದಾನೆ.