ಪರಲೋಕಕ್ಕೆಂದು ನೇಯ್ದ ಸೀರೆ

ಅವ್ವ ತೀರಿಕೊಂಡ ದಿನ ನಾನು ತಮ್ಮನ ಹೆಂಡತಿಯನ್ನು ಕಳ್ಳಿ ಎಂದೆ. ಅದೂ ಮೆಲ್ಲಗೆ ಅಲ್ಲ. ಪಡಸಾಲೆಯಲ್ಲಿ ನಮ್ಮ ಚರ್ಚಿನ ಸಭೆಯ ಹೆಂಗಸರು ಹತ್ತು ಹನ್ನೆರಡು ಮಂದಿ ಕೂತಿದ್ದರು, ಹೊರಗೆ ಕಟ್ಟೆಯ ಮೇಲೆ ಬೋಧಕರಿದ್ದರು, ಎಲ್ಲರಿಗೂ ಕೇಳುವಂತೆ ಅಂದೆ. ಮೂವತ್ತು ವರ್ಷ ಶಾಲೆಯಲ್ಲಿ ಪಳಗಿದ ದನಿ ನನ್ನದು, ಒಮ್ಮೆ ಏರಿದರೆ ಓಣಿಯ ಆ ತುದಿ ಮುಟ್ಟುತ್ತದೆ. ಇದಾಗಿ ಎರಡು ವರ್ಷ ಕಳೆದಿವೆ.

ಕಾರಣ ಒಂದು ಸೀರೆ. ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗದ ಮನೆಯ ಹಳೆಯ ಕ್ರೈಸ್ತ ಹೆಂಗಸರಿಗೆ ಒಂದು ರೂಢಿ ಇತ್ತು. ಕೈಕಾಲು ಗಟ್ಟಿ ಇರುವಾಗಲೇ ತಮ್ಮ ಕೊನೆಯ ಸೀರೆಯನ್ನು ತಾವೇ ನೇಯ್ದು ಇಡುವುದು. ಪೂರಾ ಬಿಳಿ, ಅಂಚಿಗೆ ಸಣ್ಣ ಕೆಂಪು ದಡಿ. ಅದನ್ನು ಉಡಿಸಿಯೇ ಮಣ್ಣು ಮಾಡಬೇಕು. ಪರಲೋಕದಲ್ಲಿ ಬಿಳಿ ಉಟ್ಟವರೇ ದೇವರ ಮುಂದೆ ನಿಲ್ಲುತ್ತಾರೆ ಎಂದು ಶಾಸ್ತ್ರದಲ್ಲಿ ಇದೆಯಲ್ಲ, ಅದಕ್ಕೆ. ಅದು ಬಟ್ಟೆಯ ಮಾತಲ್ಲ, ಶುದ್ಧವಾದ ಮನಸ್ಸಿನ ಮಾತು ಎಂದು ಬೋಧಕರು ಎಷ್ಟು ಬಿಡಿಸಿ ಹೇಳಿದರೂ ನೇಯುವವರ ಕಿವಿಗೆ ಬಟ್ಟೆ ಬಟ್ಟೆಯಾಗಿಯೇ ಕೇಳುತ್ತಿತ್ತು.

ಅಪ್ಪ ತೀರಿಕೊಂಡ ವರ್ಷ ಅವ್ವ ತನ್ನದನ್ನು ನೇಯ್ದಳು. ನನಗಾಗ ಹದಿನೆಂಟು. ಎಂಟು ದಿನಕ್ಕೆ ಮುಗಿಯುವ ಕೆಲಸವನ್ನು ಎರಡು ತಿಂಗಳು ನೇಯ್ದಳು. ಒಂದು ಎಳೆ ಹರಿದರೂ ಅಷ್ಟು ಬಿಚ್ಚಿ ಮತ್ತೆ ನೇಯುತ್ತಿದ್ದಳು. ಮುಗಿದ ಮೇಲೆ ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ ಟ್ರಂಕಿನ ತಳಕ್ಕೆ ಇಟ್ಟಳು. ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಸುಣ್ಣ ಹಚ್ಚುವ ಮುಂಚೆ ಆ ಗಂಟು ಹೊರಗೆ ಬರುತ್ತಿತ್ತು. ಬಿಸಿಲಿಗೆ ಇಡುತ್ತಿದ್ದಳು, ಬಿಚ್ಚುತ್ತಿರಲಿಲ್ಲ.

"ಗಂಟು ಬಿಚ್ಚಿ ಒಣಗಿಸಬೇ, ನುಸಿ ಹತ್ತತಾವ" ಎಂದರೆ, "ಗಾಳಿ ಆಡಿದ್ರ ಸಾಕು ಬಿಡು" ಎನ್ನುತ್ತಿದ್ದಳು.

ನಲವತ್ತು ವರ್ಷ ಹೀಗೆಯೇ ನಡೆಯಿತು. ಅವಳು ಹೋದ ದಿನ ಬೆಳಿಗ್ಗೆ ಮೈ ತೊಳೆಸಿ, ಟ್ರಂಕು ತೆಗೆದು, ಗಂಟು ಬಿಚ್ಚಿದವಳು ನಾನು. ಒಳಗೆ ಬಿಳಿ ಸೀರೆ ಇರಲಿಲ್ಲ. ಬಣ್ಣ ಹೋಗಿ ಬೂದಿಯಂತಾಗಿದ್ದ ಕಪ್ಪು ಇಳಕಲ್ ಸೀರೆಯೊಂದು ಇತ್ತು. ಸೆರಗಿನ ಹತ್ತಿರ ಅಂಗೈಯಗಲದ ಹಳದಿ ತೇಪೆ, ಒರಟಾದ ಹೊಲಿಗೆ.

ನಾನು ತಿರುಗಿ ನೋಡಿದೆ. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳು ಲಕ್ಷ್ಮೇಶ್ವರದವಳು, ಇಪ್ಪತ್ತು ವರ್ಷದಿಂದ ಅವ್ವನ ಜೊತೆ ಆ ಮನೆಯಲ್ಲಿ ಇದ್ದವಳು. ಟ್ರಂಕಿನ ಕೀಲಿ ಎಲ್ಲಿರುತ್ತದೆಂದು ಅವ್ವನನ್ನು ಬಿಟ್ಟರೆ ಗೊತ್ತಿದ್ದದ್ದು ಅವಳಿಗೆ ಮಾತ್ರ.

"ಬಿಳಿ ಸೀರಿ ಎಲ್ಲೈತಿ?" ಎಂದೆ.

"ಅಕ್ಕಾರ, ಇದನ್ನ ಉಡಸೂಣ್ರಿ" ಎಂದಳು.

"ಇದನ್ನ? ಈ ಚಿಂದಿನ? ಆಕಿ ಕೈಯಾರ ನೇಯ್ದಿಟ್ಟ ಸೀರಿ ಏನ್ ಮಾಡಿದಿ? ಲಕ್ಷ್ಮೇಶ್ವರಕ್ಕ ಕಳಿಸಿದೇನು?"

"ಅತ್ತಿ ಸಲುವಾಗಿ ಹೇಳ್ತೀನ್ರಿ. ಇದನ್ನ ಉಡಸ್ರಿ."

ಆಗಲೇ ಆ ಮಾತು ನನ್ನ ಬಾಯಿಂದ ಬಂದದ್ದು. ಸತ್ತವಳ ಮೈಮೇಲಿನ ಅರಿವೆಯನ್ನೂ ಬಿಡದ ಕಳ್ಳಿ ಎಂದೆ. ಅವಳು ಒಮ್ಮೆ ನನ್ನ ಮುಖ ನೋಡಿ ಅಡುಗೆಮನೆಗೆ ಹೋದಳು. ಅವಳು ಬಾಯಿಲ್ಲದವಳೇನಲ್ಲ, ತರಕಾರಿಯವನನ್ನು ನಿಲ್ಲಿಸಿ ನೀರಿಳಿಸುವವಳು. ಸುಮ್ಮನಿದ್ದಾಳೆ ಎಂದರೆ ಸಿಕ್ಕಿಬಿದ್ದಿದ್ದಾಳೆ ಎಂದೇ ನಾನು ಲೆಕ್ಕ ಹಾಕಿದೆ. ಪಡಸಾಲೆಯ ಹೆಂಗಸರೂ ಹಾಗೆಯೇ ಲೆಕ್ಕ ಹಾಕಿದರು.

ತಮ್ಮನನ್ನು ಗದಗಿನ ಪೇಟೆಗೆ ಓಡಿಸಿ ಬಿಳಿ ಸೀರೆ ತರಿಸಿದೆ. ಯಂತ್ರದ ಸೀರೆ, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ನೆರಿಗೆ ಹಿಡಿದಷ್ಟೂ ಜಾರುತ್ತಿತ್ತು. ಅವ್ವ ಜೀವಮಾನದಲ್ಲಿ ಮಿಲ್ಲಿನ ಸೀರೆ ಉಟ್ಟವಳಲ್ಲ. ಅಳುತ್ತಲೇ, ಬೈಯುತ್ತಲೇ ಪಿನ್ನು ಹಾಕಿ ನಿಲ್ಲಿಸಿದೆ.

ನಾಲ್ಕು ಗಂಟೆಗೆ ಮಣ್ಣು ಮಾಡಿದೆವು. ಅಪ್ಪನ ಮಗ್ಗುಲಲ್ಲಿ, ಕಾಲು ಮೂಡಣಕ್ಕೆ ಬರುವಂತೆ, ಎದ್ದಾಗ ಪ್ರಭುವಿನ ಮುಖವನ್ನೇ ನೋಡುವಂತೆ. ಬೋಧಕರು ಒಳ್ಳೆಯ ಮಾತು ಹೇಳಿದರು. ಈ ತಾಯಿ ಈಗ ತನ್ನವರನ್ನೆಲ್ಲ ಕೂಡಿಕೊಂಡಿದ್ದಾರೆ ಎಂದರು. ಆ ಮಾತು ನನಗೆ ಸಮಾಧಾನ ಕೊಟ್ಟಿತು. ಕೈಗೆ ಹತ್ತಿದ ಮಣ್ಣು ಕೊಡವಿಕೊಂಡು ಮನೆಗೆ ಬಂದೆ.

ಮನೆಯ ಕಟ್ಟೆಯ ಮೇಲೆ ಸೋದರಮಾವ ಕೂತಿದ್ದ. ಅವ್ವನಿಗಿಂತ ಎಂಟು ವರ್ಷ ಸಣ್ಣವನು, ಅವ್ವನ ತವರೂರು ಡೋಣಿಯಲ್ಲಿ ಹೊಲ ಮಾಡುವವನು. ಅವತ್ತು ಸಿಂಗಟಾಲೂರಿನ ಮಗಳ ಮನೆಯಲ್ಲಿದ್ದನಂತೆ. ಖಬರು ಮುಟ್ಟಿದ್ದೇ ತಡವಾಗಿ, ಮುಂಡರಗಿಯಲ್ಲಿ ಬಸ್ಸೂ ತಪ್ಪಿ, ಎಲ್ಲ ಮುಗಿದ ಮೇಲೆ ಬಂದಿದ್ದ. ನನ್ನನ್ನು ನೋಡಿ ಅತ್ತ, ನೀರು ಕುಡಿದ, ಆಮೇಲೆ ಕೇಳಿದ:

"ನಮ್ಮವ್ವನ ಸೀರಿ ಉಡಿಸಿದ್ರಿಲ್ಲವಾ?"

"ಯಾವ ಸೀರಿ, ಮಾಮಾ?"

"ಕರೇ ಇಳಕಲ್ಲು. ಹಳದಿ ತ್ಯಾಪಿ ಹಚ್ಚಿದ್ದು. ನಿಮ್ಮವ್ವ ಅದಕ್ಕಂತನ ಇಟಗೊಂಡಿದ್ಲಲ್ಲ."

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ಅವ್ವ ಹುಟ್ಟಿನಿಂದ ಕ್ರೈಸ್ತಳಲ್ಲ. ಡೋಣಿಯ ಒಕ್ಕಲುತನದ ಮನೆಯವಳು. ಬೆಟಗೇರಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಮಗ್ಗದ ಕೆಲಸಕ್ಕೆ ಹೋಗುತ್ತಿದ್ದಾಗ ಅಪ್ಪನನ್ನು ಮೆಚ್ಚಿ, ದೀಕ್ಷಾಸ್ನಾನ ತೆಗೆದುಕೊಂಡು ಮದುವೆಯಾದಳು. ತವರು ಬಾಗಿಲು ಹಾಕಿತು. ಅವ್ವನ ತಾಯಿ, ನಮ್ಮಜ್ಜಿ ಮಾತ್ರ ಸಂತೆಗೆಂದು ಹೇಳಿ ಹೊರಟು, ಸೆರಗಿನಲ್ಲಿ ಜೋಳ ಕಟ್ಟಿಕೊಂಡು ನಮ್ಮ ಮನೆಗೆ ಬರುತ್ತಿದ್ದಳು. ಕೊನೆಕೊನೆಗೆ ಅಜ್ಜಿಗೆ ಪೊರೆ ಬಂದು ಕಣ್ಣು ಹೋಯಿತು, ಆಗಲೂ ಸಂತೆಗೆ ಹೊರಟ ಯಾರದೋ ಕೈ ಹಿಡಿದು ಬರುತ್ತಿದ್ದಳು. ಬಂದವಳೇ ನಮ್ಮೆಲ್ಲರ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ಇದು ಮಗಳು, ಇದು ಮೊಮ್ಮಗಳು ಎಂದು ಹೇಳುತ್ತಿದ್ದಳು. ಒಮ್ಮೆಯೂ ತಪ್ಪಿದವಳಲ್ಲ.

ನನಗೆ ಇಪ್ಪತ್ತಾದಾಗ ಸಭೆಯವರು ಸಂಡೇ ಸ್ಕೂಲಿನ ಮಕ್ಕಳನ್ನು ನನಗೆ ಒಪ್ಪಿಸಿದರು. ನನಗೋ ಪುಸ್ತಕದ ಬದನೆಕಾಯಿಯೆಲ್ಲ ಬಾಯಿಪಾಠ. ಮನೆಯಲ್ಲಿ ಪಾಠ ಒಪ್ಪಿಸುತ್ತಿದ್ದದ್ದು ಅವ್ವನಿಗೆ. ಅವಳು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತ ಕೇಳುತ್ತಿದ್ದಳು. ಒಂದು ದಿನ ಪರಲೋಕದ ಪಾಠ. ಅಲ್ಲಿ ಹಸಿವಿಲ್ಲ, ನೀರಡಿಕೆಯಿಲ್ಲ, ಸೂರ್ಯ ಬೇಕಾಗಿಯೇ ಇಲ್ಲ ಎಂದೆ.

"ಬಿಸಿಲಿಲ್ಲಂದ್ರ ನೂಲು ಹೆಂಗ ಒಣಗತಾವ?" ಎಂದಳು.

"ಅಲ್ಲಿ ಮಗ್ಗನ ಇಲ್ಲಬೇ."

"ಹಂಗಾರ ದಿನಾ ಏನ್ ಮಾಡೂದು?"

"ಹಾಡೂದು."

ಅವಳು ನಕ್ಕಳು. ಆಮೇಲೆ ಲಾಳಿಯನ್ನು ಅತ್ತ ಕಳಿಸಿ, ನನ್ನನ್ನು ನೋಡದೆ ಕೇಳಿದಳು: "ನಮ್ಮವ್ವ ಅಲ್ಲಿ ಇರ್ತಾಳೇನು?"

ನಾನು ಒಂದು ಕ್ಷಣವೂ ತಡೆಯಲಿಲ್ಲ. ಬೋರ್ಡಿನ ಮೇಲಿನ ಲೆಕ್ಕಕ್ಕೆ ಉತ್ತರ ಹೇಳುವವಳಂತೆ, "ಇಲ್ಲ. ಆಕಿದು ದೀಕ್ಷಾಸ್ನಾನ ಆಗಿಲ್ಲಲ್ಲ" ಎಂದೆ. ಅವತ್ತು ಬೋಧಕರನ್ನು ಕೇಳಿದ್ದರೆ ಅವರು ದೇವರ ಕರುಣೆಯ ಮಾತೆತ್ತಿ ಸ್ವಲ್ಪ ಸಂದು ಬಿಡುತ್ತಿದ್ದರೇನೋ. ಅವ್ವ ಬೋಧಕರನ್ನು ಕೇಳಲಿಲ್ಲ, ಮಗಳನ್ನು ಕೇಳಿದಳು. ಅವಳು ಲಾಳಿಯನ್ನು ಮತ್ತೆ ಇತ್ತ ಕಳಿಸಿದಳು. ಆ ಪ್ರಶ್ನೆಯನ್ನು ಅವಳು ಮತ್ತೆ ಎತ್ತಲಿಲ್ಲ, ನಾನೂ ಅಲ್ಲಿಗೇ ಮರೆತೆ.

ಎರಡು ವರ್ಷಕ್ಕೆ ಅಜ್ಜಿ ತೀರಿಕೊಂಡಳು. ಅವ್ವ ಒಬ್ಬಳೇ ಡೋಣಿಗೆ ಹೋಗಿ ಬಂದಳು. ಅಲ್ಲಿ ನಡೆದದ್ದನ್ನು ನಾನು ಕೇಳಿದ್ದು ಮೂವತ್ತಾರು ವರ್ಷದ ಮೇಲೆ, ಆ ಸಂಜೆ ಮಾವನ ಬಾಯಲ್ಲಿ.

"ಗಂಟು ತಗೊಂಡು ಬಂದ್ಲು" ಎಂದ. "ಮೈ ತೊಳದ ಮ್ಯಾಲ, ನಾನ ಉಡಸ್ತೀನಿ, ನೀವೆಲ್ಲ ಹೊರಗ ನಡೀರಿ ಅಂತ ಬಾಗಲಾ ಹಾಕಿದ್ಲು. ತಗದಾಗ ನಮ್ಮವ್ವಗ ಬಿಳಿ ಸೀರಿ. ಗಂಡ ಇಲ್ಲದಾಕಿ, ಬಿಳಿ ಉಟ್ರ ಯಾರೇನಂತಾರ? ಮಗಳು ನೇಯ್ದ ಸೀರಿ ಅಂತ ಮಂದಿ ಹೊಗಳಿದ್ರು. ಹಣಿಗೆ ಇಬತ್ತಿ ಹಚ್ಚಿ, ನಮ್ಮ ಪದ್ಧತಿಪ್ರಕಾರ ಕುಂಡ್ರಿಸಿ ಮಣ್ಣು ಮಾಡಿದ್ವಿ. ಅವ್ವನ ಮೈಮ್ಯಾಲಿನ ಸೀರಿ ಈಕಿ ಗಂಟು ಕಟಗೊಂಡ್ಲು. ಯಾಕ ಅಂತ ಕೇಳಿದೆ."

"ಏನಂದ್ಲು?"

"ಅವ್ವ ಬಿಳಿ ಉಟ್ಟಾಳ, ಇನ್ನ ಆಕೀನ ಒಳಗ ಬಿಡ್ತಾರ ಅಂದ್ಲು. ನಾ ಹೋಗುವಾಗ ಆಕಿ ಸೀರಿ ಉಟಗೊಂಡು ಹೋಗ್ತೀನಿ. ಆಕಿಗೆ ಕಣ್ಣ ಕಾಣಂಗಿಲ್ಲ, ತಾ ಹಚ್ಚಿದ ತ್ಯಾಪಿ ಮುಟ್ಟಿ ನನ್ನ ಗುರ್ತ ಹಿಡೀತಾಳ, ನನ್ನ ಕೈ ಹಿಡದು ಒಳಗ ಕರಕೊಂಡು ಹೋಗ್ತಾಳ ಅಂದ್ಲು."

ಇದನ್ನು ಕೇಳಿ ನನಗೆ ಮೊದಲು ಹೊಳೆದದ್ದು ಏನು ಗೊತ್ತೆ? ಅಲ್ಲಿ ಕುರುಡರಿಗೆ ಕಣ್ಣು ಬರುತ್ತವೆ, ಅವ್ವ ತಪ್ಪು ತಿಳಿದಿದ್ದಾಳೆ ಎಂದು. ಮಣ್ಣು ಮಾಡಿ ಬಂದು ಒಂದು ತಾಸಾಗಿರಲಿಲ್ಲ, ಆಗಲೇ ನಾನು ಅವಳ ಪಾಠ ತಿದ್ದುತ್ತಿದ್ದೆ.

ಆಮೇಲೆ ಸಿಟ್ಟು ಬಂತು. ಅವ್ವ ನನಗೆ ಮೋಸ ಮಾಡಿದಳು, ಹಾಗೆಯೇ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಚರ್ಚಿನಲ್ಲಿ ಮೂರನೆಯ ಸಾಲಿನಲ್ಲಿ ಕೂತು ನನ್ನ ಸಂಡೇ ಸ್ಕೂಲಿನ ಮಕ್ಕಳು ಪದ್ಯ ಒಪ್ಪಿಸಿದಾಗೆಲ್ಲ ಆಮೆನ್ ಎಂದವಳು, ನನ್ನ ಬೆನ್ನ ಹಿಂದೆ ಬೇರೆಯೇ ವ್ಯವಸ್ಥೆ ಮಾಡಿಕೊಂಡಿದ್ದಳು. ನನ್ನ ಪಾಠವನ್ನು ಅವಳು ನಂಬಲಿಲ್ಲವೆಂದರೆ ಅಷ್ಟು ನೋಯುತ್ತಿರಲಿಲ್ಲ. ಪೂರಾ ನಂಬಿದ್ದಳು. ನಂಬಿರದಿದ್ದರೆ ತನ್ನ ಸೀರೆಯನ್ನು ತಾಯಿಗೆ ಉಡಿಸುವ ಗರಜು ಏನಿತ್ತು? ನಾನು ಇಲ್ಲವೆಂದಿದ್ದಕ್ಕೇ ಅವಳು ಕಳ್ಳದಾರಿ ಹುಡುಕಿದ್ದು. ಅದನ್ನು ಇಡೀ ಜಗತ್ತಿನಲ್ಲಿ ನನ್ನೊಬ್ಬಳಿಂದ ಮುಚ್ಚಿಟ್ಟಳು.

ಒಬ್ಬಳಿಂದ ಎಂದು ತಿಳಿದದ್ದು ಅಡುಗೆಮನೆಗೆ ಹೋದ ಮೇಲೆ. ಸಾವಿನ ಮನೆ, ಒಲೆ ಹೊತ್ತಿರಲಿಲ್ಲ. ಮಗ್ಗುಲ ಮನೆಯವರು ಕಳಿಸಿದ ರೊಟ್ಟಿಯನ್ನು ತಮ್ಮನ ಹೆಂಡತಿ ಬುಟ್ಟಿಗೆ ತುಂಬುತ್ತಿದ್ದಳು.

"ನಿನಗ ಗೊತ್ತಿತ್ತು?"

"ಗೊತ್ತಿತ್ರಿ."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ಅತ್ತಿ ಬೈಬಲ್ ಮ್ಯಾಲ ಕೈ ಇಡಿಸಿದ್ರು. ಅಕಿ ಟೀಚರ್ ಅದಾಳ, ತಪ್ಪು ಕಂಡ್ರ ಬಿಡಂಗಿಲ್ಲ, ಅಕಿಗೆ ಹೇಳಬ್ಯಾಡ ಅಂದ್ರು."

"ನಾ ಕಳ್ಳಿ ಅಂದಾಗರ ಹೇಳಬೇಕಿಲ್ಲ?"

"ಅಷ್ಟ ಮಂದ್ಯಾಗ ಹೆಂಗ ಹೇಳ್ಲಿ? ಅತ್ತಿಗೆ ದೇವರ ಮ್ಯಾಲ ನಂಬಿಗಿ ಇರಲಿಲ್ಲ ಅಂತ ಮಂದಿ ಅಂತಿದ್ರು. ಹೆಣದ ಮುಂದ ಅದನ್ನ ಅನಿಸ್ಕೊಳ್ಳೂದು ಬ್ಯಾಡ ಅಂತ ಸುಮ್ನಾದೆ." ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿ ನನ್ನ ಕಡೆ ತಿರುಗಿದಳು. "ನಾ ಎರಡು ಸಲ ಹೇಳಿದ್ನಿರಿ ಅಕ್ಕಾರ. ಇದನ್ನ ಉಡಸ್ರಿ ಅಂತ."

ಹೇಳಿದ್ದಳು. ಎರಡೂ ಸಲ ನನಗೆ ಕೇಳಿತ್ತು.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಹೆಂಗಸರನ್ನೆಲ್ಲ ನಿಲ್ಲಿಸಿ, ಸೀರೆಯನ್ನು ಅವ್ವನೇ ಹಿಂದೆ ಯಾರಿಗೋ ಕೊಟ್ಟಿದ್ದಳಂತೆ, ತಪ್ಪು ನನ್ನದು ಎಂದೆ. ಕೆಲವರು ತಲೆದೂಗಿದರು. ಕೆಲವರು, ಮನೆಯ ಮಾನ ಉಳಿಸಿಕೊಳ್ಳಲು ನಾದಿನಿ ಅತ್ತಿಗೆ ಒಂದಾದರು ಎಂದು ಆಡಿಕೊಂಡರು. ಅವಳ ಹೆಸರಿಗೆ ಹತ್ತಿದ ಮಸಿ ಪೂರಾ ಹೋಗಿಲ್ಲ.

ಸಂಡೇ ಸ್ಕೂಲು ಈಗಲೂ ನನ್ನದೇ. ಪರಲೋಕದ ಪಾಠ ವರ್ಷಕ್ಕೊಮ್ಮೆ ಬರುತ್ತದೆ. ಅಲ್ಲಿ ದೇವರೇ ಎಲ್ಲರ ಕಣ್ಣೀರು ಒರೆಸುತ್ತಾನೆ ಎಂದು ಹೇಳುತ್ತೇನೆ, ನಂಬಿಯೇ ಹೇಳುತ್ತೇನೆ. ಅವ್ವ ಅಲ್ಲಿ ಮುಟ್ಟಿದ್ದಾಳೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪಾಠ ಹೇಳುವಾಗ ನನ್ನ ಕಣ್ಣ ಮುಂದೆ ಬೇರೆಯದೇ ಬರುತ್ತದೆ. ಬಾಗಿಲ ಹತ್ತಿರ ಮುದುಕಿಯೊಬ್ಬಳು ಬಂದವರ ಸೆರಗನ್ನೆಲ್ಲ ಮುಟ್ಟಿ ಮುಟ್ಟಿ ನೋಡುತ್ತಿದ್ದಾಳೆ. ಅಂಗಡಿಯ ಸೀರೆ ಉಟ್ಟವಳೊಬ್ಬಳ ಸೆರಗು ಮುಟ್ಟುತ್ತಾಳೆ, ನುಣ್ಣಗಿದೆ, ತೇಪೆಯಿಲ್ಲ, ಇವಳಲ್ಲ ಎಂದು ಬಿಟ್ಟುಬಿಡುತ್ತಾಳೆ.

ಕಪ್ಪು ಸೀರೆ ಈಗ ನನ್ನ ಹತ್ತಿರ ಇದೆ. ಹೋದ ಕ್ರಿಸ್ಮಸ್ಸಿಗೆ ಅದನ್ನು ಬಿಸಿಲಿಗೆ ಹಾಕಿದ್ದೆ, ಬಿಚ್ಚಿಯೇ ಹಾಕಿದ್ದೆ. ತಮ್ಮನ ಹೆಂಡತಿ ಕರಚಿಕಾಯಿ ಕೊಡಲು ಬಂದವಳು ಅದನ್ನು ನೋಡಿ ನಿಂತಳು.

"ನಾ ಸತ್ತಾಗ ನನಗ ಇದನ್ನ ಉಡಸು" ಎಂದೆ. "ಯಾರು ಏನಂದ್ರೂ ಇದನ್ನ ಉಡಸು."

ಅವಳು ತೇಪೆಯ ಮೇಲೆ ಕೈಯಾಡಿಸಿದಳು. "ಅಜ್ಜಿ ನಿಮ್ಮನ್ನ ನಿಮ್ಮವ್ವ ಅಂತ ತಿಳಕೋತಾಳ್ರಿ."

"ತಿಳಕೊಳ್ಲಿ. ಕೈ ಹಿಡದು ಅವ್ವನ ಹಂತ್ಯಾಕ ಕರಕೊಂಡು ಹೋಗ್ತೀನಿ. ಮೊದಲ ಅವರಿಬ್ಬರನ್ನ ಕೂಡಸ್ತೀನಿ. ಆಮ್ಯಾಲ ನನಗ ಅವ್ವನ ಜೋಡಿ ಜಗಳ ಮಾಡೂದೈತಿ."