ನಿಂತ ಕೊಕ್ಕರೆಯನ್ನು ಯಾರೂ ನೋಡುವುದಿಲ್ಲ

ನಮ್ಮ ಜೀವಶಾಸ್ತ್ರ ವಿಭಾಗದಲ್ಲಿ ಯಾರನ್ನಾದರೂ ನಿಲ್ಲಿಸಿ "ನಿಮ್ಮ ಸಂಶೋಧನೆ ಯಾವುದರ ಮೇಲೆ?" ಎಂದು ಕೇಳಿದಿರೋ, ಆ ದಿನದ ನಿಮ್ಮ ಕೆಲಸ ಕೆಟ್ಟಿತೆಂದೇ ತಿಳಿಯಿರಿ. ಜೀರುಂಡೆಯವರು ಜೀರುಂಡೆಯ ಕಾಲಿನ ಬಗ್ಗೆ ಊಟದ ಹೊತ್ತಿನವರೆಗೂ ಮಾತಾಡುತ್ತಾರೆ. ಕಪ್ಪೆಯವರು ತಾವು ಪ್ರಾಗ್‌ನಲ್ಲಿ ಓದಿ ಬಂದದ್ದನ್ನು ಮೊದಲು ಹೇಳಿ, ಆಮೇಲೆ ನಿಧಾನಕ್ಕೆ ಕಪ್ಪೆಗೆ ಬರುತ್ತಾರೆ. ನಾನು ಹಾವಸೆಯವಳು. ಕಲ್ಲಿನ ಮೇಲಿನ ಹಾವಸೆ ನೋಡುತ್ತಲೇ ತಲೆ ನರೆಸಿಕೊಂಡೆ, ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಯಾನಾ ಕುಯುಮ್‌ಜಿಯೇವಾಳನ್ನು ಮಾತ್ರ ಇಡೀ ಊರು ಕೇಳುತ್ತಿತ್ತು. ಅವಳದು ಕೊಕ್ಕರೆ.

ಯಾನಾ ನನ್ನ ಕೋಣೆಯಲ್ಲೇ ಎದುರಿನ ಮೇಜಿನಲ್ಲಿ ಕೂರುವವಳು. ಅವಳಪ್ಪ ಪೆಂಚೋ ಊರಾಚೆಯ ಭತ್ತದ ಗದ್ದೆಗಳ ನಡುವಿನ ದಾರಿಯಲ್ಲಿ ಸಣ್ಣ ಬಸ್ಸು ಓಡಿಸುತ್ತಾನೆ. ವಯಸ್ಸಾದರೂ ಸ್ಟೀರಿಂಗ್ ಬಿಟ್ಟಿಲ್ಲ. ಮಗಳು ಮೊದಲು ಗಣಿತ ಸೇರಿ, ಅರ್ಧಕ್ಕೆ ಬಿಟ್ಟು, ರಾಜಧಾನಿ ಸೋಫಿಯಾಕ್ಕೆ ಹೋಗಿ ಹಕ್ಕಿಗಳ ಮೇಲೆ ಡಾಕ್ಟರೇಟ್ ಮಾಡಿ ಬಂದಳು. "ಲೆಕ್ಕ ಬಿಟ್ಟು ಹಕ್ಕಿ ಹಿಡಿದ್ಲು" ಎಂದು ಪೆಂಚೋ ಬಸ್ಸಿನಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದ. ದೂರುತ್ತಿದ್ದನೋ ಹೊಗಳುತ್ತಿದ್ದನೋ, ಕೇಳಿದವರಿಗೆ ತಿಳಿಯುತ್ತಿರಲಿಲ್ಲ.

ಮಾರ್ಚ್ ಒಂದರಂದು ನಾವೆಲ್ಲ ಮಣಿಕಟ್ಟಿಗೆ ಮಾರ್ತೆನಿತ್ಸಾ ಕಟ್ಟಿಕೊಳ್ಳುತ್ತೇವೆ. ಕೆಂಪು ಬಿಳಿ ನೂಲಿನ ಹುರಿ ಅದು. ಚಳಿಗಾಲ ಕಳೆದು ಹಿಂತಿರುಗುವ ವರ್ಷದ ಮೊದಲ ಕೊಕ್ಕರೆ ಕಂಡ ದಿನ ಬಿಚ್ಚಿ ಹೂಬಿಟ್ಟ ಮರಕ್ಕೆ ಕಟ್ಟುತ್ತೇವೆ. ಅಲ್ಲಿಯವರೆಗೆ ಊರಿಗೆ ಊರೇ ಕತ್ತು ಮೇಲೆತ್ತಿ ತಿರುಗುತ್ತಿರುತ್ತದೆ. ಇಷ್ಟು ಜನ ಪುಕ್ಕಟೆಯಾಗಿ ಆಕಾಶ ನೋಡುತ್ತಿರುವಾಗ ಅದು ದಂಡವಾಗಬಾರದು ಎಂದು ಯಾನಾಳಿಗೆ ಹೊಳೆಯಿತು. ಬೇಕರಿ, ಬಸ್ ನಿಲ್ದಾಣ, ಕ್ಷೌರದಂಗಡಿ, ಎಲ್ಲ ಕಡೆ ತನ್ನ ಫೋನ್ ನಂಬರು ಅಂಟಿಸಿದಳು. ಕೊಕ್ಕರೆ ಕಂಡವರು ಫೋನ್ ಮಾಡಬೇಕು, ಅಷ್ಟೇ.

ಅವತ್ತಿನಿಂದ ಪ್ರತಿ ಮಾರ್ಚಿನಲ್ಲೂ ನನ್ನ ನೆಮ್ಮದಿ ಹಾಳು. ಒಂದು ತುತ್ತು ಬಾಯಿಗಿಡುವಷ್ಟರಲ್ಲಿ ಫೋನು.

"ಯಾನಾ ಮೇಡಂ, ಕಂಡೆ ಕಣಮ್ಮಾ! ಗಂಟೆ ಗೋಪುರದ ಮೇಲಿಂದ ಹಾರ್ಕೊಂಡ್ ಹೋಯ್ತು. ದಾರ ಬಿಚ್ಲಾ?"

"ಬಿಚ್ಚಿ ಅಜ್ಜಿ, ಬಿಚ್ಚಿ. ಯಾವ್ ಕಡೆ ಹೋಯ್ತು, ಅದನ್ನ ಹೇಳಿ ಮೊದ್ಲು."

ಬರಬರುತ್ತಾ ಜನ ಯಾನಾಳ ಅಪ್ಪಣೆ ಇಲ್ಲದೆ ದಾರ ಬಿಚ್ಚಲೇಬಾರದು ಎಂದುಕೊಂಡರು. ಚರ್ಚಿನ ಪಾದ್ರಿಯೂ ಫೋನ್ ಮಾಡಿ ಕೇಳಿದ. ದಾರ ಬಿಚ್ಚಿದವರು ಮಾತ್ರ ಆ ವರ್ಷ ಮತ್ತೆ ಫೋನ್ ಮಾಡುತ್ತಿರಲಿಲ್ಲ.

ಹೀಗೆ ವರ್ಷಗಟ್ಟಲೆ ಕೂಡಿಸಿದ್ದರಿಂದ ಯಾನಾ ಒಂದು ಪುಸ್ತಕ ಬರೆದಳು. ಅದರ ಮುಖ್ಯ ಅಧ್ಯಾಯ ನಮ್ಮ ಭತ್ತದ ಗದ್ದೆಗಳದು. ಕೊಕ್ಕರೆಗಳು ಗದ್ದೆಗಳ ಮೇಲೆ ಹಾರಿಹೋಗುತ್ತವೆ, ಒಂದೂ ಇಳಿಯುವುದಿಲ್ಲ. ಇಳಿದದ್ದನ್ನು ಕಂಡೆ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಫೋನ್ ಮಾಡಿಲ್ಲ. ಎಂದಮೇಲೆ ಅಲ್ಲಿ ಕಪ್ಪೆಯಿಲ್ಲ, ಹುಳವಿಲ್ಲ, ಗದ್ದೆ ಸತ್ತಿದೆ. ಅದನ್ನು ಬರೆಯುವಾಗ ಯಾನಾ ಅಳುತ್ತಿದ್ದಳು. ತನ್ನೂರಿನ ಗದ್ದೆ ತಾನೇ! ನಾನು ಕಾಫಿ ಮಾಡಿಕೊಟ್ಟು ಸಮಾಧಾನ ಹೇಳಿದೆ:

"ಅತ್ತಿದ್ದು ಸಾಕು. ನಿನ್ನನ್ನ ಡೊಸೆಂಟ್ ಮಾಡೋದು ಇದೇ ಅಧ್ಯಾಯ, ನೋಡ್ತಿರು."

ಡೊಸೆಂಟ್ ಎಂದರೆ ಪ್ರೊಫೆಸರ್‌ಗೆ ಒಂದು ಮೆಟ್ಟಿಲು ಕೆಳಗೆ. ನಮ್ಮ ವಿಭಾಗಕ್ಕೆ ಎಷ್ಟೋ ಕಾಲದ ಮೇಲೆ ಆ ಹುದ್ದೆ ಒಂದು ಬಂದಿತ್ತು. ಯಾನಾಳಿಗೆ ಸಿಕ್ಕರೆ ಸಾಯುವ ತನಕ ಕೊಕ್ಕರೆ. ಸಿಗದಿದ್ದರೆ ಅವಳ ಕರಾರು ಮುಗಿದು ಗಂಟುಮೂಟೆ ಕಟ್ಟಬೇಕಿತ್ತು. ಇವಳಿಲ್ಲದ ಕೋಣೆಯಲ್ಲಿ ನಾನು ಹಾವಸೆಯ ಜೊತೆಗೇ ಮಾತಾಡಬೇಕಿತ್ತು.

ಪರೀಕ್ಷಕರ ಮುಂದೆ ನಿಂತು ಪುಸ್ತಕ ಸಮರ್ಥಿಸಿಕೊಳ್ಳುವ ದಿನ ಮಾರ್ಚಿನ ನಡುವಿಗೆ ಬಿತ್ತು. ಸಭಾಂಗಣದ ಬಾಗಿಲು ಎಲ್ಲರಿಗೂ ತೆರೆದಿರುವ ಪದ್ಧತಿ ನಮ್ಮದು. ಪೆಂಚೋ ಬಸ್ಸಿನ ತುಂಬ ಬಂಧುಬಳಗವನ್ನೂ ಚೀಸ್ ತುಂಬಿ ಸುಟ್ಟ ಬಾನಿತ್ಸಾದ ತಟ್ಟೆಗಳನ್ನೂ ಮನೆಯಲ್ಲೇ ಭಟ್ಟಿ ಇಳಿಸಿದ ರಾಕಿಯಾದ ಬಾಟಲಿಗಳನ್ನೂ ತುಂಬಿಕೊಂಡು ಬಂದಿದ್ದ. ಗೆದ್ದ ಮೇಲೆ ತೆಗೆಯಬೇಕಾದ ಬಾಟಲಿ ಒಂದು ಆಗಲೇ ಅರ್ಧವಾಗಿತ್ತು. ಪರೀಕ್ಷಕರ ಅಧ್ಯಕ್ಷರು ಸೋಫಿಯಾದ ಪ್ರೊಫೆಸರ್ ದೋಬ್ರಿ ತೆರ್ಜಿಯೇವ್. ಮೀನುಗಳ ವಿಷಯದಲ್ಲಿ ದೊಡ್ಡ ಹೆಸರು; ನಕ್ಕದ್ದನ್ನು ಕಂಡವರಿಲ್ಲ. ಅವರ ಮಣಿಕಟ್ಟಿನಲ್ಲೂ ಮಾರ್ತೆನಿತ್ಸಾ ಇತ್ತು, ಮೊಮ್ಮಗಳು ಕಟ್ಟಿದ್ದಿರಬೇಕು.

ಯಾನಾ ಸೊಗಸಾಗಿ ಮಾತಾಡಿದಳು. ಗದ್ದೆಗಳ ಅಧ್ಯಾಯಕ್ಕೆ ಬಂದು "ಒಂದು ಕೊಕ್ಕರೆಯೂ ಇಳಿಯುವುದಿಲ್ಲ" ಎನ್ನುವುದಕ್ಕೂ, ಕಿಟಕಿಯಾಚೆ ಎದುರು ಮನೆಯ ಚಿಮಣಿಯ ಮೇಲೆ ಒಂದು ದೊಡ್ಡ ನೆರಳು ಇಳಿಯುವುದಕ್ಕೂ ಸರಿಹೋಯಿತು.

"ಅಯ್ಯೋ, ನೋಡ್ಬೇಡ್ರೋ! ನಿಂತಿದೆ!" ಎಂದು ಹಿಂದಿನ ಸಾಲಿನಿಂದ ಯಾನಾಳ ಸೋದರತ್ತೆ ಕೂಗಿದಳು.

ವರ್ಷದ ಮೊದಲ ಕೊಕ್ಕರೆ ಹಾರುತ್ತಿರುವುದು ಕಂಡರೆ ವರ್ಷವಿಡೀ ನಾವೂ ಹಾರಾಡುತ್ತೇವೆ. ನಿಂತದ್ದು ಕಂಡರೆ ವರ್ಷವಿಡೀ ಕೂತಲ್ಲೇ ಕೂತಿರುತ್ತೇವೆ. ಇದು ಎದೆಹಾಲಿನ ಜೊತೆಗೇ ನಮ್ಮೊಳಗೆ ಇಳಿದದ್ದು. ಸಭೆಗೆ ಸಭೆಯೇ ಕಿಟಕಿಗೆ ಬೆನ್ನು ಹಾಕಿತು. ಜೀರುಂಡೆಯವರು ಮೇಜಿನ ಕೆಳಗೆ ತಲೆ ತೂರಿಸಿದರು. ಪ್ರಾಗ್‌ನಲ್ಲಿ ಓದಿದವರು ಯಾನಾಳ ಪುಸ್ತಕವನ್ನೇ ಮುಖಕ್ಕೆ ಅಡ್ಡ ಹಿಡಿದರು. ಪ್ರೊಫೆಸರ್ ತೆರ್ಜಿಯೇವ್ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು, "ಮುಂದುವರಿಸಿ, ಮುಂದುವರಿಸಿ" ಎಂದರು. ನಾನೂ ಮುಚ್ಚಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಯಾನಾ ಮುಂದುವರಿಸಲಿಲ್ಲ. ನಾನು ಕಿಟಕಿಗೆ ಬೆನ್ನು ಹಾಕಿಯೇ ಕಣ್ಣು ತೆರೆದು ಅವಳತ್ತ ತಿರುಗಿದೆ. ಕಣ್ಣು ಮುಚ್ಚಿ ಕೂತ ಅಷ್ಟೂ ವಿದ್ವಾಂಸರನ್ನು ಅವಳು ಬಾಯಿ ತೆರೆದು ನೋಡುತ್ತಿದ್ದಳು.

"ಪ್ರೊಫೆಸರ್ರೇ," ಎಂದಳು, "ಈ ಅಧ್ಯಾಯ ತಪ್ಪು."

ಸುಮ್ಮನಿರು ಎಂದು ನಾನು ಅವಳಿಗೆ ಕೈಸನ್ನೆ ಮಾಡಿದೆ.

"ಏನಂದ್ರಿ?" ತೆರ್ಜಿಯೇವ್ ಕೈ ತೆಗೆಯದೆ ಕೇಳಿದರು.

"ನಿಂತಿರೋ ಕೊಕ್ಕರೇನ ಯಾರೂ ನೋಡಲ್ಲ. ನೋಡಿದ್ರೂ ನೋಡ್ದೆ ಅನ್ನಲ್ಲ. ಮತ್ತೆ ನನಗೆ ಫೋನ್ ಯಾರು ಮಾಡ್ತಾರೆ? ನಾನೂ ಇದೇ ಊರವಳು, ನಂಗೂ ಇದು ಹೊಳೀಲಿಲ್ಲ. ಪುಸ್ತಕ ಓದಿದ ನಿಮಗ್ಯಾರಿಗೂ ಹೊಳೀಲಿಲ್ಲ!" ಆಮೇಲೆ ಹಿಂದಿನ ಸಾಲಿಗೆ ಕೂಗಿದಳು: "ಅಪ್ಪಾ! ಗದ್ದೇಲಿ ಕೊಕ್ಕರೆ ಇಳಿಯುತ್ತಾ?"

ಪೆಂಚೋ ಟೋಪಿ ಹಿಂಡುತ್ತಾ ಎದ್ದು ನಿಂತ. "ಇಳೀದೆ ಏನವ್ವಾ? ಹಿಂಡು ಹಿಂಡೇ ಇಳಿಯುತ್ತೆ. ನಾನು ಆ ಕಡೆ ನೋಡ್ದೆ ಬಸ್ ಓಡಿಸ್ತೀನಿ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂತ ಕೊಕ್ಕರೆ ಮಾತೆತ್ತಿ ನಿನ್ ಕೆಲಸಾನೂ ನಿಂತ್ಹೋದ್ರೆ ಅಂತ ಭಯ ಆಯ್ತು, ಮಗಾ."

ಯಾನಾ ನಕ್ಕಳು. ಅಳುತ್ತಲೇ ನಕ್ಕಳು. ಕೆಲಸ ಕೈ ಜಾರುತ್ತಿದೆ, ಇವಳು ನೋಡಿದರೆ "ಗದ್ದೆ ಬದುಕಿದೆ ಅಕ್ಕಾ, ಬದುಕಿದೆ!" ಎಂದು ನನ್ನನ್ನು ತಬ್ಬಿಕೊಂಡು ಕುಣಿಯುತ್ತಿದ್ದಾಳೆ. ಹುಚ್ಚುಮುಂಡೆ, ಸುಮ್ಮನೆ ಓದಿ ಮುಗಿಸಿದ್ದರೆ ಡೊಸೆಂಟ್ ಆಗುತ್ತಿದ್ದಳಲ್ಲ ಎಂದು ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನಾನೂ ಎರಡು ಹೆಜ್ಜೆ ಕುಣಿದೆ.

ತೆರ್ಜಿಯೇವ್ ಕೈ ಕೆಳಗಿಳಿಸಿದರು. ಆಗ ಚಿಮಣಿ ಖಾಲಿಯಾಗಿತ್ತು. "ಇಂಥ ಸಭೆಗಳಲ್ಲಿ ಕೂತು ಮುದುಕನಾದೆ. ತಮ್ಮ ಅಧ್ಯಾಯಾನ ತಾವೇ ಹರಿದು ಹಾಕಿದವರನ್ನ ಇವತ್ತೇ ನೋಡಿದ್ದು," ಎಂದರು. ಹೊಗಳಿಕೆಯೋ ಬೈಗುಳವೋ ಮುಖದಿಂದ ತಿಳಿಯಲಿಲ್ಲ. "ಮತ ಆಮೇಲೆ ಹಾಕೋಣ. ಬಸ್ ಯಾರದ್ದು?"

ಪರೀಕ್ಷಕರು, ಬಂಧುಗಳು, ಬಾನಿತ್ಸಾ, ಎಲ್ಲ ಒಂದೇ ಬಸ್ಸಿನಲ್ಲಿ. ನನ್ನ ತೊಡೆಯ ಮೇಲೆ ಯಾರದೋ ತಟ್ಟೆ. ಪೆಂಚೋ ತೆರ್ಜಿಯೇವರನ್ನು ಪಕ್ಕದಲ್ಲೇ ಕೂರಿಸಿಕೊಂಡು ದಾರಿಯುದ್ದಕ್ಕೂ ಮಗಳು ಗಣಿತ ಬಿಟ್ಟ ಕಥೆ ಹೇಳಿದ. ಗದ್ದೆಯ ಬದಿಗೆ ಬಸ್ಸು ನಿಂತಾಗ ಬಂಧುಗಳು ಅಭ್ಯಾಸದಂತೆ ಮುಖ ತಿರುಗಿಸಿದರು.

"ಇದ್ದಾವಾ?" ಎಂದು ತೆರ್ಜಿಯೇವ್ ಕೇಳಿದರು. ಅವರ ಕಣ್ಣು ಮತ್ತೆ ಮುಚ್ಚಿತ್ತು.

"ಇದ್ದಾವೆ," ಎಂದಳು ಯಾನಾ. ಅವಳೊಬ್ಬಳೇ ಕೆಳಗಿಳಿದು, ಶೂ ಕೆಸರಾಗುವುದನ್ನೂ ಲೆಕ್ಕಿಸದೆ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ನಾನು ಬೆರಳ ಸಂದಿಯಿಂದ ನೋಡಿದೆ. ಬದುವಿನಾಚೆ ಕಾಲುವೆಯ ಎರಡೂ ಬದಿಯ ಒದ್ದೆ ನೆಲದ ತುಂಬ ಕೊಕ್ಕರೆಗಳು ಗಂಭೀರವಾಗಿ ನಡೆದಾಡುತ್ತಿದ್ದವು, ಕಪ್ಪೆ ಹಿಡಿಯುತ್ತಿದ್ದವು.

ತೆರ್ಜಿಯೇವ್ ನಿಟ್ಟುಸಿರು ಬಿಟ್ಟರು. "ವರ್ಷವಿಡೀ ಕೂತಲ್ಲೇ ಕೂತಿರ್ಬೇಕಾಗುತ್ತೆ. ಇರಲಿ, ಈ ವಯಸ್ಸಿಗೆ ಎಲ್ಲಿಗೆ ಹೋಗ್ಬೇಕು ನಾನು?" ಎನ್ನುತ್ತಾ ಪೆಂಚೋನ ಭುಜ ಹಿಡಿದು ಕೆಳಗಿಳಿದರು. ಬದುವಿನ ಮೇಲೆ ಯಾನಾಳ ಪಕ್ಕಕ್ಕೆ ಹೋಗಿ ನಿಂತು ಕಣ್ಣು ತೆರೆದರು. ಉಳಿದ ಪರೀಕ್ಷಕರೂ ಒಬ್ಬೊಬ್ಬರಾಗಿ ಇಳಿದು ಬಂದು ಅವರ ಹಿಂದೆ ನಿಂತರು. ಮುಖಕ್ಕೆ ಪುಸ್ತಕ ಅಡ್ಡ ಹಿಡಿದಿದ್ದವರು ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

ತೆರ್ಜಿಯೇವ್ ತಿರುಗಿ ಅವರ ಮುಖಗಳನ್ನೆಲ್ಲ ಒಮ್ಮೆ ನೋಡಿದರು. ಒಬ್ಬೊಬ್ಬರೂ ಒಪ್ಪಿಗೆಯೆಂದು ತಲೆಯಾಡಿಸಿದರು.

"ಡೊಸೆಂಟ್ ಕುಯುಮ್‌ಜಿಯೇವಾ," ಎಂದರು ತೆರ್ಜಿಯೇವ್, "ನೀವು ಕಾಲುವೆಯ ಆ ಕಡೆಯಿಂದ ಎಣಿಸ್ತಾ ಬನ್ನಿ. ನಾನು ಈ ಕಡೆಯಿಂದ ಶುರು ಮಾಡ್ತೀನಿ."